ಹೊಂಗೆ ಮರಕ್ಕೆ ಕಟ್ಟಿದ ಹುಲಿ

ನಮ್ಮ ಹೊಲ ಇರುವುದು ಬೇಗೂರಿನಿಂದ ಕಾಡಿನ ಕಡೆ ಹೋಗುವ ದಾರಿಯಲ್ಲಿ. ಅಲ್ಲಿರುವುದು ಒಂದೇ ಮರ, ಬದುವಿನ ಮೇಲಿನ ಹೊಂಗೆ. ಹಗಲು ಹಸುವನ್ನು ಅದರ ನೆರಳಲ್ಲಿ ಗೂಟಕ್ಕೆ ಕಟ್ಟುತ್ತಿದ್ದೆವು. ಸಗಣಿ, ಗಂಜಲ ಹೊಲಕ್ಕೇ ಬೀಳಲಿ ಅಂತ.

ಆ ಸಲ ಸೂರ್ಯಕಾಂತಿ ಹಾಕಿದ್ದೆವು. ಕಾಳು ಕಟ್ಟುತ್ತಿದ್ದಂತೆ ನವಿಲು, ಕೋತಿ ಬಿದ್ದವು. ನನ್ನ ಗಂಡ ಗುಂಡ್ಲುಪೇಟೆಗೆ ಹೋಗಿ ತರಕಾರಿ ಆಟೋದವರು ಕೂಗಿಸುವಂಥ ಸ್ಪೀಕರ್ ತಂದ. ಬೇರೆಯವರು ನಾಯಿ ಬೊಗಳುವುದು, ಪಟಾಕಿ ಸದ್ದು ಹಾಕಿಸಿದ್ದರು. ಇವನು ಹುಲಿ ಗರ್ಜನೆ ತುಂಬಿಸಿಕೊಂಡು ಬಂದ. ಎತ್ತರದಲ್ಲಿರಲಿ ಅಂತ ಹೊಂಗೆಗೆ ಕಟ್ಟಿದ. ಹಸುವಿನ ನೆತ್ತಿಯ ಮೇಲೆ.

ಮೊದಲ ಗರ್ಜನೆಗೆ ಕೋತಿಗಳು ಕಿತ್ತುಕೊಂಡು ಓಡಿದವು. ಹಸು ಎಗರಿ ಎಗರಿ ಕತ್ತಿನಲ್ಲಿ ಹಗ್ಗ ಕೊಯ್ದು ರಕ್ತ ಬಂತು.

"ನಿಮ್ಮವ್ವ ಮೈಮೇಲೆ ದ್ಯಾವ್ರು ಬಂದಾಗ ಕುಣಿತಿದ್ಲಲ್ಲ, ಅಂಗೇ ಕುಣಿತದೆ ನೋಡು" ಅಂದ ಗಂಡ.

"ಆ ಕಡೆ ಕಟ್ಟನ" ಅಂದೆ.

"ಬಿಸ್ಲಲ್ಲಿ ಕಟ್ಟಿಯಾ? ಅಭ್ಯಾಸ ಆಯ್ತದೆ ಬುಡು."

ಅಭ್ಯಾಸ ಆದದ್ದು ನವಿಲುಗಳಿಗೆ. ಓಡಿ, ತಿರುಗಿ ನೋಡಿ, ಹುಲಿ ಬರಲಿಲ್ಲ ಅಂತ ತಿಳಿದು ಮರದ ಬುಡಕ್ಕೇ ಬಂದು ತೆನೆ ಕುಕ್ಕಿದವು. ಓಡಿ ನೋಡುವುದಕ್ಕೆ ಹಸುವಿಗೆ ಗೂಟ ಬಿಡಲಿಲ್ಲ.

ಸೂರ್ಯಕಾಂತಿ ಮುಗಿದು ಜೋಳ ಬಂದರೂ ಸ್ಪೀಕರ್ ಇಳಿಯಲಿಲ್ಲ. ಹಸು ಮೆಲುಕು ಹಾಕುವುದು ಬಿಟ್ಟಿತು. ಕತ್ತಿನ ಗಾಯ ಮಾಗಲಿಲ್ಲ. ಕೆಚ್ಚಲು ಬಿಸಿಯಾಗಿ ಕಲ್ಲಿನಂತಾಯಿತು. ಸಂಜೆ ಬಿಚ್ಚಿದರೆ ವರ್ಷಗಟ್ಟಲೆ ನಡೆದ ದಾರಿ ಮರೆತು ಕಂಡವರ ಹಿತ್ತಲಲ್ಲಿ ನಿಲ್ಲುತ್ತಿತ್ತು. ಮೊಲೆಗೆ ಬಂದ ತನ್ನ ಕರುವಿನ ಮುಖಕ್ಕೇ ಒದೆಯಿತು.

ದನದ ಡಾಕ್ಟರು ಸೂಜಿ ಹಾಕಿದರು. ಬಾವು ಇಳಿದು ಮತ್ತೆ ಬಂತು. ಒಂದು ದಿನ ಹೊಲಕ್ಕೇ ಬಂದು ಕೆಚ್ಚಲು ಮುಟ್ಟಿ ನೋಡುತ್ತಿದ್ದಾಗ ಮೇಲಿನಿಂದ ಹುಲಿ ಗರ್ಜಿಸಿತು. ಅವರೇ ಬೆಚ್ಚಿದರು.

"ದಿನಾ ಹಿಂಗೇನಾ ಅಜ್ಜಿ?"

"ದಿನಾ ಕಣಪ್ಪ, ಬೆಳಗಿಂದ ಸಂಜೆಗಂಟ."

"ಮತ್ತೆ ನಾನು ಸೂಜಿ ಹಾಕಿ ಏನು ಮಾಡ್ಲಿ? ಒಂದು ದಿನದ ಭಯ ಆದ್ರೆ ಓಡಿ ಕಳ್ಕೊಳ್ತದೆ. ದಿನಾ ಭಯ ಇದ್ರೆ ಮೈಯೊಳಗಿನ ಉರಿ ಆರೋದೇ ಇಲ್ಲ. ಬಾವು ಇಳಿಯಲ್ಲ, ಗಾಯ ಮಾಗಲ್ಲ. ಮೆದುಳಿಗೂ ಅದೇ ಪೆಟ್ಟು, ದಾರಿ ಮರೆಯೋದು ಅದಕ್ಕೇ. ಇದನ್ನ ಬೇರೆ ಕಡೆ ಕಟ್ಟಿ, ಇಲ್ಲಾಂದ್ರೆ ಉಳಿಯಲ್ಲ."

"ಅಸಕ್ಕೂ ಚಿಂತೆನಾ ಸಾರ್?" ಅಂದ ನನ್ನ ಗಂಡ. "ಇವಳ ಗರ್ಜನೆ ಕೇಳ್ಕಂಡು ನಾನು ಇಷ್ಟು ವರ್ಸ ಬದುಕಿಲ್ವಾ?"

ಡಾಕ್ಟರು ಬ್ಯಾಗು ಎತ್ತಿಕೊಂಡು ಹೋದರು.

ಮಾರನೆಯ ದಿನ ನಾನು ಹಸುವನ್ನು ಕೊಟ್ಟಿಗೆಯಲ್ಲೇ ಉಳಿಸಿಕೊಂಡೆ. ಅವನು ಬಂದು ಬಿಚ್ಚಿದ.

"ಯಾಕೆ? ಆ ಸ್ಪೀಕರ್ ಒಂದೇ ಸಾಲ್ದಾ?" ಅಂದೆ.

"ಬರೀ ಸ್ಪೀಕರ್ಗೆ ಕೋತಿ ಎದ್ರಲ್ಲ ಕಣೇ. ಅಸ ಎಗರೋದು ಕಂಡ್ರೇ ಅವು ನಂಬೋದು, ಉಲಿ ಬಂತು ಅಂತ."

ಆಗ ಗೊತ್ತಾಯಿತು ನನಗೆ, ನೆರಳಿಗಾಗಿ ಅಲ್ಲ ಕಟ್ಟುತ್ತಿದ್ದುದು. ಹಗ್ಗ ಹಿಡಿದುಕೊಂಡೆ. ಮೊಣಕೈಯಿಂದ ನೂಕಿದ. ನಾನು ಕೊಟ್ಟಿಗೆ ಗೋಡೆಗೆ ಬಿದ್ದೆ, ಅವನು ಹಸು ಹೊಡೆದುಕೊಂಡು ಹೋದ.

ಆಮೇಲೆ ಹಸುವೇ ಎಗರುವುದನ್ನು ನಿಲ್ಲಿಸಿತು. ಹುಲಿ ಕೂಗಿದರೆ ತಲೆ ತಗ್ಗಿಸಿ, ಚರ್ಮ ಮಾತ್ರ ಅದುರಿಸುತ್ತಾ ನಿಲ್ಲುತ್ತಿತ್ತು. ಕೋತಿಗಳು ಅದನ್ನು ನೋಡಿದವು. ಮರಕ್ಕೇ ಹತ್ತಿ ಸ್ಪೀಕರ್ ಪಕ್ಕ ಕೂತು ಜೋಳದ ತೆನೆ ಸುಲಿದವು.

ಹಾಲೂ ಇಲ್ಲ, ಎಗರುವುದೂ ಇಲ್ಲ ಅಂತ ಗಂಡ ಸಂತೆಮರಹಳ್ಳಿ ಕಡೆಯ ದಲ್ಲಾಳಿಯನ್ನು ಕರೆಸಿದ. ಬೇರೆ ಹಸುಗಳನ್ನು ಗಾಡಿಗೆ ಹತ್ತಿಸಲು ಬಾಲ ತಿರುಚಬೇಕು. ಇದು ತಾನಾಗಿ ಹಲಗೆ ಹತ್ತಿ ಹೋಗಿ ಮೂಲೆಯಲ್ಲಿ ನಿಂತಿತು. ಕರು ಇಲ್ಲಿ ಕೂಗಿದರೂ ಕಿವಿ ಅಲ್ಲಾಡಿಸಲಿಲ್ಲ.

"ಬಲು ಸಾಧು ಅಸ ಕಣಜ್ಜಿ" ಅಂದ ದಲ್ಲಾಳಿ. "ಇಂಥದ್ದ ಯಾಕೆ ಮಾರ್ತಿದ್ದೀರಿ?"

ಗಾಡಿ ತಿರುವು ದಾಟುವ ಮೊದಲೇ ನನ್ನ ಗಂಡ ಕರುವನ್ನು ಹೊಲಕ್ಕೆ ಎಳೆದುಕೊಂಡು ಹೋದ. ನಾನು ಹಿಂದೆಯೇ ಹೋಗುವಷ್ಟರಲ್ಲಿ ಹೊಂಗೆ ಕೆಳಗೆ ಕಟ್ಟಿ ಆಗಿತ್ತು. ಸ್ಪೀಕರಿನ ಗುಂಡಿ ಒತ್ತಿದ. ಕರು ನಾಲ್ಕೂ ಕಾಲು ಎತ್ತಿ ಎಗರಿತು. ಕೋತಿಗಳು ಬಿದ್ದೆದ್ದು ಓಡಿದವು.

"ನೋಡು, ಎಂಗೆ ಎಗರ್ತದೆ" ಅಂದ. ಕಲ್ಲು ಎತ್ತಿಕೊಂಡು ಗೂಟಕ್ಕೆ ಇನ್ನೊಂದು ಏಟು ಹಾಕಿದ.