ಬೋರಮ್ಮನ ಸೊಂಟವೂ ನನ್ನ ಲೇಪವೂ

"ನೀನು ಗೋಡೆ ಒಳಗಿನೋಳಾ?"

ಚಳ್ಳಕೆರೆಯಲ್ಲಿ ನನ್ನ ಹೆಸರಿಗಿಂತ ಮೊದಲು ಜನ ಕೇಳಿದ್ದು ಇದನ್ನು. ಹೌದೆಂದರೆ ಮುಗಿಯಿತು, ಬಾಡಿಗೆ ಮನೆ ಇಲ್ಲ. ಊರಾಚೆಯ ಹುಲ್ಲುಗಾವಲಿಗೆ ಇಲ್ಲಿ 'ಕಾವಲು' ಎನ್ನುತ್ತಾರೆ. ಅದರ ಸುತ್ತ ಗೋಡೆ ಎದ್ದಿದೆ. ಒಳಗೆ ನನ್ನ ಪ್ರಯೋಗಾಲಯವಿದೆ, ಹೊರಗೆ ಮೇವಿಲ್ಲದೆ ಕುರಿ ಮಾರಿದವರಿದ್ದಾರೆ. ಗೋಡೆ ಕಟ್ಟಿಸಿದ್ದು ನಾನಲ್ಲ. ಆದರೆ ಬಯ್ಯಲು ಕೈಗೆ ಸಿಕ್ಕವಳು ನಾನೇ.

ನನ್ನೂರು ಕಾರವಾರದವರೇ, ನೀವು ಉಪ್ಪುಗಾಳಿಗೆ ಶಾಪ ಹಾಕುತ್ತೀರಿ. ಇಲ್ಲಿಗೊಮ್ಮೆ ಬನ್ನಿ. ಅಂಗಳದಲ್ಲಿ ಬಿಟ್ಟ ಕುಡುಗೋಲಿಗೂ ತುಕ್ಕು ಹಿಡಿಯದಷ್ಟು ಒಣ ಊರು. ಧೂಳು ಅನ್ನದಲ್ಲೂ ಇರುತ್ತದೆ. ಮೀನೆಂದರೆ ಐಸಿನಲ್ಲಿ ಎರಡನೆಯ ಸಲ ಸತ್ತದ್ದು. ಮುದ್ದೆಯನ್ನು ಅಗಿಯಬಾರದು, ನುಂಗಬೇಕು; ಅದನ್ನು ಕಲಿಯುವವರೆಗೆ ಮನೆಯೊಡತಿ ಬೋರಮ್ಮ ನನ್ನನ್ನು ನೋಡಿ ನಕ್ಕದ್ದೇ ನಕ್ಕದ್ದು. ಕುರಿ ಮಾರಿ ಹಳ್ಳಿ ಬಿಟ್ಟು ಬಂದವರು ಅವರು. ನಾನು ಟೀಚರ್ ಎಂದು ಸುಳ್ಳು ಹೇಳಿದ ಮೇಲಷ್ಟೇ ಕೊಠಡಿ ಕೊಟ್ಟಿದ್ದರು.

ಬೋರಮ್ಮನ ಸೊಂಟದ ಕೀಲು ಸವೆದಿತ್ತು. ದಾವಣಗೆರೆಯಲ್ಲಿ ಲೋಹದ ಕೀಲು ಹಾಕಿಸುವುದೆಂದು ನಿಶ್ಚಯವಾಗಿತ್ತು. "ಕಬ್ಣ ಮೈಯಾಗೆ ತುಕ್ಕು ಹಿಡಿಯಲ್ವಾ?" ಎಂದು ಒಂದು ಸಂಜೆ ಕೇಳಿದರು. ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಮೈಯೊಳಗಿನ ನೀರೂ ನಮ್ಮ ಸಮುದ್ರದಂತೆ ಉಪ್ಪು, ಅದಕ್ಕೇ ಟೈಟಾನಿಯಂ ಬಳಸುತ್ತಾರೆ, ಅದರ ಮೇಲೆ ಮೂಳೆಯಲ್ಲಿರುವ ಖನಿಜವನ್ನೇ ತೆಳುವಾಗಿ ಲೇಪಿಸುವುದುಂಟು ಎಂದೆ. ಲೇಪ ದಪ್ಪವಾದರೆ ಬಿರಿದು ಏಳುತ್ತದೆ, ಹರಳು ಸರಿಯಾಗಿ ಕೂಡದಿದ್ದರೆ ಬೇಗ ಕರಗುತ್ತದೆ, ತುಸು ಒರಟಾಗಿದ್ದರೆ ಮೂಳೆ ಬೆಳೆದು ಹಿಡಿದುಕೊಳ್ಳುತ್ತದೆ ಎಂದೂ ಹೇಳಿದೆ. ಕೊನೆಗೆ ಜಂಬ ತಡೆಯಲಾರದೆ "ನಾವೂ ಅದನ್ನೇ ಮಾಡೋದು" ಎಂದುಬಿಟ್ಟೆ.

"ಎಲ್ಲಿ ಮಾಡೋದು?"

ಸಿಕ್ಕಿಬಿದ್ದೆ.

"ನನ್ನ ಕುರಿ ತಿಂದ ಗೋಡೆ ಅದು. ಅದರೊಳಗಿಂದು ನನ್ನ ಎಲುಬಿಗೆ ಬ್ಯಾಡ. ಕುಂಟ್ಕಂಡೇ ಸಾಯ್ತೀನಿ," ಎಂದು ಬೋರಮ್ಮ ಒಳಗೆ ಹೋದರು.

ಎಣ್ಣೆ ಮಿಲ್ಲಿನ ಕೆಲಸ ಮುಗಿಸಿ ಬಂದ ಅವರ ಮಗ ತಿಪ್ಪೇಶ ನೇರ ನನ್ನ ಬಾಗಿಲಿಗೇ ಬಂದ. "ನೀವೇ ಕೆಡಿಸಿದ್ದು ಮೇಡಂ, ನೀವೇ ಸರಿ ಮಾಡ್ರಿ. ಅವ್ವ ಆಪರೇಷನ್‌ಗೆ ಒಪ್ಪಲಿಲ್ಲಾಂದ್ರೆ ಮನೆ ಖಾಲಿ ಮಾಡ್ರಿ."

ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಬೋರಮ್ಮನನ್ನು ಒಪ್ಪಿಸಲು ಇದ್ದದ್ದು ಒಂದೇ ದಾರಿ: ನಿಜ ಹೇಳುವುದು. ನನ್ನ ಅಮ್ಮನಿಗೂ ಹೇಳಿರದ ನಿಜ ಅದು. ಬೆಳಿಗ್ಗೆ ಅವರೆದುರು ಕುಳಿತೆ.

"ನಿಮಗೆ ಹಾಕೋದು ಬೇರೆ ಕಡೆಯದು, ಪರೀಕ್ಷೆ ಆಗಿರೋದು. ನಾನು ಮಾಡಿದ್ದು ಇನ್ನೂ ಯಾರ ಮೈಗೂ ಹೋಗಿಲ್ಲ. ಹೋಗುತ್ತೋ ಇಲ್ವೋ ಗೊತ್ತಿಲ್ಲ. ಎಳೆದು ನೋಡಿದಾಗೆಲ್ಲ ಲೇಪ ಕಿತ್ತು ಬರುತ್ತೆ."

"ಒಬ್ರಿಗೂ ಇಲ್ವಾ?"

"ಇಲ್ಲ."

ಅವರ ಮುಖದಲ್ಲಿ ಸಮಾಧಾನ ಕಂಡಿತು. ದಾವಣಗೆರೆಗೆ ಬರ್ತೀನಿ ಎಂದು ಮಗನಿಗೆ ಕೂಗಿ ಹೇಳಿದರು. ಆಮೇಲೆ ನನ್ನತ್ತ ತಿರುಗಿದರು.

"ಮತ್ತೆ ನಮ್ಮ ಕಾವಲು ಯಾಕೆ ಬೇಕಿತ್ತೇ ನಿಮ್ಗೆ?"

ನಾನು ಚೀಲ ಎತ್ತಿಕೊಂಡು ಕೆಲಸಕ್ಕೆ ಹೊರಟೆ.

ಆಪರೇಷನ್ ಮುಗಿದು ಈಗ ಅವರು ಕೋಲು ಹಿಡಿದು ಓಡಾಡುತ್ತಾರೆ. ನನಗೆ ಮುದ್ದೆ ಕೊಡುತ್ತಾರೆ, ಮುಖ ಕೊಡುವುದಿಲ್ಲ. ಸಂಜೆ ನಾನು ಗೇಟು ತೆರೆಯುವ ಮೊದಲೇ "ಹೋತೇನೇ ಯಾರ ಮೈಗಾದ್ರೂ?" ಎಂದು ಕೇಳುತ್ತಾರೆ. ವಾಪಸ್ ಬಾ ಎಂದು ಅಮ್ಮ ಕಾರವಾರದಿಂದ ಕರೆಯುತ್ತಲೇ ಇದ್ದಾಳೆ. ಬಂಗಡೆ ಸಾರು ನೆನೆದರೆ ಈಗಲೇ ಬಸ್ಸು ಹತ್ತೋಣ ಎನಿಸುತ್ತದೆ. ಆದರೆ ಬೋರಮ್ಮನಿಗೆ ಉತ್ತರ ಕೊಡದೆ ಬಂದರೆ ಅಲ್ಲಿಯೂ ನನಗೆ ಬಂಗಡೆ ರುಚಿಸದು.