ಕುಂತ ಜಾಗ ನೋಡುವ ವಿಮಲಾಬಾಯಿ

ಇಸ್ಪೀಟ್ ಎಲೆ ಹಂಚಿದ ಮೇಲೂ ವಿಮಲಾಬಾಯಿ ತಮ್ಮ ಪಾಲಿನ ಎಲೆಗಳನ್ನು ಮುಟ್ಟುತ್ತಿರಲಿಲ್ಲ. ಕನ್ನಡಕ ಏರಿಸಿಕೊಂಡು, ನಾವು ನಮ್ಮ ಎಲೆ ಎತ್ತಿ ನೋಡುವುದನ್ನೇ ನೋಡುತ್ತ ಕೂರುತ್ತಿದ್ದರು. ಸರದಿ ಬಂದಾಗಷ್ಟೇ ಎಲೆಯ ಮೂಲೆ ಎತ್ತಿ ಇಣುಕುವುದು. ಕಲಬುರಗಿಯ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತರಾದವರು. ಐವಾನ್-ಎ-ಶಾಹಿ ಕಡೆಯ ಅವರ ಮನೆಯ ವರಾಂಡದಲ್ಲಿ ಭಾನುವಾರ ಮಧ್ಯಾಹ್ನ ನಾವು ನಾಲ್ಕಾರು ಜನ ಸೇರಿ ಪೋಕರ್ ಆಡುತ್ತಿದ್ದೆವು. ಪಣಕ್ಕೆ ಹುಣಸೆ ಬೀಜ. ದುಡ್ಡಿನ ಮಾತೆತ್ತಿದವನಿಗೆ ಚಹಾ ಕೂಡ ಸಿಗುತ್ತಿರಲಿಲ್ಲ.

ಮುಖ ನೋಡಿ ಮನಸ್ಸು ತಿಳಿಯುತ್ತೇನೆ ಎನ್ನುವವರನ್ನು ಕಂಡರೆ ಅವರಿಗೆ ನಗು. "ಮಾರಿ ಸುಳ್ಳ ಹೇಳ್ತದ. ಕುಂತ ಜಾಗ ನೋಡ್ರಿ," ಎನ್ನುತ್ತಿದ್ದರು. "ಮೊದಲ ಸರದಿಯವಗ ಉಳದವರ ಸುದ್ದಿ ಏನೂ ಗೊತ್ತಿರಂಗಿಲ್ಲ. ಅಂಥಾ ಜಾಗದಾಗ ಕುಂತು ಬೀಜ ಹಾಕಿದ ಅಂದ್ರ ಅವನ ಕೈಯಾಗ ಏನೋ ಅದ. ಕಡೀಗಿ ಕುಂತಾವ ಎಲ್ಲಾರ್ದೂ ನೋಡಿ ಹಾಕ್ತಾನ. ಅದು ಬರೇ ಧಿಮಾಕ ಇರಬಹುದು."

ಪ್ರತಿ ಆಟಕ್ಕೂ ಸರದಿ ಬದಲಾಗುತ್ತಿತ್ತು. ಯಾರು ಯಾವ ಜಾಗದಲ್ಲಿ ಎಷ್ಟು ಸಲ ಆಟಕ್ಕಿಳಿಯುತ್ತಾರೆ ಎಂಬ ಅಂದಾಜು ಅವರ ತಲೆಯಲ್ಲೇ ಇರುತ್ತಿತ್ತು. ಕಡೆಯ ಜಾಗ ಸಿಕ್ಕೊಡನೆ ನಾನು ಹುಲಿಯಾಗುತ್ತೇನೆಂದು ಚುಡಾಯಿಸಿ ನನ್ನ ಬೀಜಗಳನ್ನೆಲ್ಲ ಬಾಚಿಕೊಳ್ಳುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಮರುವಾರ ಮತ್ತೆ ಹೋಗುತ್ತಿದ್ದೆ.

ಕಮಲಾಪುರದಿಂದ ಗುಂಡಪ್ಪ ಬರುತ್ತಿದ್ದ. ಅಲ್ಲಿಂದ ಶಹರಕ್ಕೆ ಶಾಲೆಯ ಮಕ್ಕಳನ್ನು ಕರೆತರುವ ವ್ಯಾನ್ ಓಡಿಸುತ್ತಿದ್ದ. ಮೊದಲ ಸರದಿ ಬಂದರೆ ಎಲೆ ಎಸೆದು ಕೈ ಕಟ್ಟಿ ಕೂರುವ ಪುಕ್ಕಲ. ಒಂದು ಮಳೆಗಾಲದಲ್ಲಿ ಅವನು ಮೊದಲ ಸರದಿಯಲ್ಲೂ ಬೀಜ ಹಾಕತೊಡಗಿದ, ಕಡೆಯದರಲ್ಲೂ ಹಾಕತೊಡಗಿದ. ಅಂತೂ ಧೈರ್ಯ ಬಂತಲ್ಲ ಎಂದು ನಾವು ನಕ್ಕೆವು. ವಿಮಲಾಬಾಯಿ ನಗಲಿಲ್ಲ. ಆಟ ನಿಲ್ಲಿಸಿ ಕೇಳಿದರು.

"ಗುಂಡೂ, ನಿನಗ ಎಲಿ ಕಾಣವಲ್ವು ಹೌದಲ್ಲೊ?"

"ಕಾಣ್ತಾವ್ರಿ ಅಕ್ಕಾ."

"ಎಲ್ಲಿ ಕುಂತ್ರೂ ಒಂದ ಸಮ ಆಡಾಕತ್ತಿ. ಕೈಯಾಗಿನ ಎಲಿ, ಉಳದವರು ಹಾಕಿದ ಬೀಜ ಕಾಣಾವ ಹಂಗ ಆಡಂಗಿಲ್ಲ. ನಾಳಿಂದ ವ್ಯಾನ್ ಮುಟ್ಟಬ್ಯಾಡ. ಅದರಾಗ ಕೂಸುಗೋಳು ಕುಂತಿರ್ತಾವ."

"ಮಂದಿ ಮುಂದ ನನ್ನ ಹೊಟ್ಟಿ ಮ್ಯಾಲ ಹೊಡದ್ರಿ ಅಕ್ಕಾ," ಎಂದು ಅವನು ಎದ್ದು ಹೋದ.

ಮರುದಿನ ಮೊದಲ ಬಸ್ಸಿಗೇ ವಿಮಲಾಬಾಯಿ ಕಮಲಾಪುರಕ್ಕೆ ಹೋಗಿ ವ್ಯಾನಿಗೆ ಅಡ್ಡ ನಿಂತರು. ಕೀಲಿ ಕಸಿದುಕೊಂಡು ಅವನನ್ನು ದವಾಖಾನೆಗೆ ಕರೆತಂದರು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಮನೆಯವರಿಗೂ ಅವನು ಹೇಳಿರಲಿಲ್ಲ. ಒಂದು ಕಣ್ಣು ಉಳಿಯಿತು. ಅವನು ಮುನಿಸು ಬಿಟ್ಟು ಆಟಕ್ಕೆ ಬರಲು ಬಹಳ ದಿನ ಹಿಡಿಯಿತು.

ಕಳೆದ ವರ್ಷ ವಿಮಲಾಬಾಯಿ ತೀರಿಕೊಂಡರು. ಹೊಟ್ಟೆಯಲ್ಲಿ ಗಡ್ಡೆ. ಅದು ಅವರಿಗೆ ಬಹುಕಾಲದಿಂದ ಗೊತ್ತಿತ್ತೆಂದು ಮಗಳು ಹೇಳಿದಾಗಲೇ ನಮಗೆ ತಿಳಿದದ್ದು. ಹಿಂದಿನ ಭಾನುವಾರವೂ ನಮ್ಮೊಡನೆ ಆಡಿದ್ದರು, ಗೆದ್ದಿದ್ದರು. ನಾನು ವರಾಂಡದ ಕಂಬ ಹಿಡಿದು ಅಳುತ್ತ ನಿಂತಿದ್ದೆ. ಗುಂಡಪ್ಪ ಅವರ ಕಾಲ ಬಳಿ ಕೂತು ಮಗಳನ್ನು ಕೇಳಿದ:

"ನನ್ನ ಬ್ಯಾನಿ ಅಕ್ಕಾರು ಆಟದಾಗ ಹಿಡದ್ರು. ಅವರ ಬ್ಯಾನಿ ನಮ್ಮಾಗ ಒಬ್ಬರಿಗರೆ ತಿಳೀಬಾರದೇನವಾ?"

"ಅವ್ವ ಶನಿವಾರ ಪೂರಾ ಹಾಸಿಗಿ ಬಿಟ್ಟು ಏಳತಿದ್ದಿಲ್ರಿ ಕಾಕಾ," ಎಂದಳು ಅವಳು. "ನಿಮಗ ತಿಳೀಬಾರದಂತ ಭಾನುವಾರ ಎದ್ದು, ಯಾವ ಜಾಗದಾಗ ಮೊದಲ ಹೆಂಗ ಆಡತಿದ್ದಳೋ ಹಂಗ ಆಡಿ, ನೀವು ಹೋದ ಮ್ಯಾಲ ಅಲ್ಲೇ ಮಲ್ಕೋತಿದ್ದಳು."