ನಾಲ್ಕನೆಯ ಕೂಗು

ಗಿರಿಜಾಳ ಮುತ್ತಜ್ಜ ಚೆಲುವಯ್ಯ ಶ್ರೀರಂಗಪಟ್ಟಣದ ಕೋರ್ಟಿನಲ್ಲಿ ದಲಾಯತನಾಗಿದ್ದ. ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರನ್ನು ಮೂರು ಸಲ ಕೂಗುವುದು ಅವನ ಕೆಲಸ. ಕೂಗಿದನೆಂದರೆ ಹೊಳೆಯಾಚೆ ಬಟ್ಟೆ ಒಗೆಯುವವರೂ ತಲೆ ಎತ್ತುತ್ತಿದ್ದರಂತೆ. ಒಮ್ಮೆ ನೀರು ಕುಡಿಯಲು ಹೋಗಿದ್ದ ಮುದುಕಿಗಾಗಿ ನಾಲ್ಕನೆಯ ಸಲವೂ ಕೂಗಿ, ಸಾಹೇಬರಿಂದ ಬೈಸಿಕೊಂಡು, ಆಕೆಯ ಎರಡು ಗುಂಟೆ ನೆಲ ಉಳಿಸಿದ. ಅಜ್ಜ ನಂಜುಂಡಯ್ಯ ಅಮೀನ. ಸಮನ್ಸನ್ನು ರುಮಾಲಿನೊಳಗೆ ಸುತ್ತಿಕೊಂಡು ತುಂಬಿದ ಕಾವೇರಿಯನ್ನು ಈಜಿ ದಾಟಿದವನು. ತಂದೆ ಶ್ರೀನಿವಾಸಯ್ಯ ಅದೇ ಕೋರ್ಟಿನ ಬೆರಳಚ್ಚುಗಾರ. ಒಂದಕ್ಷರ ತಪ್ಪಿದರೂ ಹಾಳೆ ಹರಿದು ಮೊದಲಿನಿಂದ ಹೊಡೆಯುತ್ತಿದ್ದ. ಕೋರ್ಟಿನ ಅನ್ನ ಉಂಡ ಆ ಮನೆಯಲ್ಲಿ ಸಾಕ್ಷಿಯ ಕಟಕಟೆ ಹತ್ತಿದವಳು ಗಿರಿಜಾ ಒಬ್ಬಳೇ. ಅದೂ ನೈರೋಬಿಯಲ್ಲಿ.

ಗಂಡ ಉಮಾಕಾಂತನ ಟೆಲಿಕಾಂ ಕೆಲಸದ ಬೆನ್ನು ಹಿಡಿದು ಮಗಳೊಡನೆ ಬಂದು, ಅಲ್ಲಿನ ಹೈರಿಡ್ಜ್ ಬಡಾವಣೆಯಲ್ಲಿ ಸಂಸಾರ ಹೂಡಿದ್ದಳು. 2014ರ ದಸರೆ ಕಳೆದ ತಿಂಗಳಿಗೆ, ಅಮ್ಮ ಕೊಟ್ಟಿದ್ದ ಎರಡೆಳೆ ಸರ ಕಾಣೆಯಾಯಿತು. ಗುಮಾನಿ ಮನೆಗೆಲಸದ ಮುಂಬುವಾಳ ಮೇಲೆ.

“ಅಮ್ಮಾ, ನಾನು ಮುಟ್ಟಿಲ್ಲ. ಟಫೂಟಾ ಟೇನಾ,” ಎಂದಳು ಆಕೆ. ಸ್ವಾಹಿಲಿಯಲ್ಲಿ, ಇನ್ನೊಂದು ಸಲ ಹುಡುಕಿ ಎಂದು.

ಗಿರಿಜಾ ಹುಡುಕಲಿಲ್ಲ. ಪೊಲೀಸರನ್ನು ಕರೆದಳು. ಬೀರುವಿನಲ್ಲಿ ಇಟ್ಟದ್ದು ತನಗೆ ಚೆನ್ನಾಗಿ ನೆನಪಿದೆ ಎಂದು ಕೋರ್ಟಿನಲ್ಲಿ ಗಟ್ಟಿಯಾಗಿ ನುಡಿದಳು. ಮುಂಬುವಾಳಿಗೆ ನಾಲ್ಕು ವರ್ಷ ಸಜೆಯಾಯಿತು.

ಮರುವರ್ಷ ಮಾವ ತೀರಿಕೊಂಡಿದ್ದರಿಂದ ಮನೆಯಲ್ಲಿ ಹಬ್ಬವಿಲ್ಲ, ಗೊಂಬೆ ಕೂರಿಸಲಿಲ್ಲ. 2016ರ ದಸರೆಗೆ ಟ್ರಂಕು ತೆಗೆದು, ಹಳೆ ಪಂಚೆ ಸುತ್ತಿದ್ದ ಪಟ್ಟದ ಗೊಂಬೆಗಳನ್ನು ಬಿಚ್ಚಿದರೆ ರಾಣಿಯ ಕೊರಳಲ್ಲಿ, ಸೆರಗಿನ ಅಡಿಯಲ್ಲಿ, ಎರಡೆಳೆ ಸರ! ಅಮ್ಮ ಮಾಡುತ್ತಿದ್ದ ಹಾಗೆಯೇ ಒಂಬತ್ತು ದಿನಕ್ಕೆಂದು ತನ್ನ ಬಂಗಾರವನ್ನು ರಾಣಿಗೆ ತೊಡಿಸಿದವಳು ತಾನೇ, ಬಿಚ್ಚದೆ ಮಲಗಿಸಿದವಳೂ ತಾನೇ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರೆಂಬುದು ಗಾದೆ. ಇಲ್ಲಿ ಅದು ಒಬ್ಬಳ ಬಾಳನ್ನೇ ನುಂಗಿತ್ತು.

“ಸುಳ್ಳು ಸಾಕ್ಷಿ ಅಂತ ನಿನ್ನನ್ನೇ ಒಳಗೆ ಹಾಕಿದ್ರೆ?” ಎಂದು ಉಮಾಕಾಂತ ತಡೆದ.

“ಹಾಕ್ಲಿ ಬಿಡಿ,” ಎಂದು ಹೋಗಿ, ಸರ ತನ್ನಲ್ಲೇ ಇತ್ತೆಂದು ಪ್ರಮಾಣಪತ್ರ ಬರೆಸಿಕೊಟ್ಟಳು. ಮುಂಬುವಾಳ ಮೇಲ್ಮನವಿ ಹೈಕೋರ್ಟಿಗೆ ಹೋಯಿತು. ಗಿರಿಜಾ ಜೈಲಿಗೂ ಹೋಗಿ ಅರ್ಧ ದಿನ ಕಾದಳು. ಮುಂಬುವಾ ಭೇಟಿಗೆ ಬರಲೊಪ್ಪಲಿಲ್ಲ.

ಮೇಲ್ಮನವಿ ಏನಾಯಿತೆಂದು ಸಾಕ್ಷಿಗೆ ಕಾಗದ ಬರೆದು ತಿಳಿಸುವವರು ಯಾರು? ದಿನಾ ಬೆಳಿಗ್ಗೆ ಗಂಡನ ಕಾರು ಗೇಟು ದಾಟಿದೊಡನೆ ಕಂಪ್ಯೂಟರಿನ ಮುಂದೆ ಕೂರುವಳು. ಕೋರ್ಟಿನ ತೀರ್ಪುಗಳನ್ನು ಹಾಕುವ ತಾಣ ತೆರೆದು ಮುಂಬುವಾಳ ಹೆಸರು ಹಾಕಿ ಹುಡುಕುವಳು. ಒಮ್ಮೆಯಲ್ಲ, ಮುತ್ತಜ್ಜನ ಲೆಕ್ಕದಲ್ಲಿ ಮೂರು ಸಲ. ಮೂರು ಸಲವೂ ಬರುತ್ತಿದ್ದುದು ಹಳೆಯ ತೀರ್ಪೇ. ಅದರ ಆರನೆಯ ಪುಟದಲ್ಲಿ ಅವಳ ಪೂರ್ತಿ ಹೆಸರಿನ ಪಕ್ಕದಲ್ಲೇ ಬರೆದಿತ್ತು: ಈ ಸಾಕ್ಷಿ ತಡವರಿಸದೆ ನುಡಿದಿದ್ದಾರೆ, ನಂಬಲು ಯೋಗ್ಯರು.

2017ರ ಜುಲೈ, ಥಂಡಿ ಹಿಡಿದ ಒಂದು ಬೆಳಿಗ್ಗೆ. ಮೂರು ಸಲ ಆಯಿತು. ಏಳಲು ಮನಸ್ಸಾಗದೆ ನಾಲ್ಕನೆಯ ಸಲ ಹುಡುಕಿದಳು. ಹೊಸ ಪುಟ ಬಂತು. ಬರೀ ನಾಲ್ಕು ಸಾಲು. ಮೇಲ್ಮನವಿದಾರಳು ಮೇ ತಿಂಗಳಲ್ಲಿ ಜೈಲಿನ ಆಸ್ಪತ್ರೆಯಲ್ಲಿ ಮೃತಪಟ್ಟಿದ್ದಾಳೆ, ಆದಕಾರಣ ಮೇಲ್ಮನವಿ ಅಲ್ಲಿಗೇ ಮುಗಿದಿದೆ, ಕಡತ ಮುಚ್ಚಿದೆ. ಕದ್ದಳೆಂದೂ ಇಲ್ಲ, ಕದಿಯಲಿಲ್ಲವೆಂದೂ ಇಲ್ಲ. ಹಳೆಯ ತೀರ್ಪು ಕಲ್ಲಿನ ಹಾಗೆ ಹಾಗೆಯೇ ನಿಂತಿತು.

ಸಂಜೆ ಬಂದ ಉಮಾಕಾಂತ ಅದನ್ನು ಓದಿ, ಫೋನ್ ಕೈಗೆತ್ತಿಕೊಂಡ.

“ಗಿರಿಜಾ, ಆ ಹಳೇ ತೀರ್ಪಲ್ಲಿ ನಿನ್ನ ಹೆಸರು ಹಂಗೇ ಇದೆ. ನಾಳೆ ಮಗಳಿಗೆ ಗಂಡು ನೋಡೋವಾಗ ಯಾರಾದ್ರೂ ಇಂಟರ್‌ನೆಟ್‌ನಲ್ಲಿ ಕೆದಕಿದ್ರೆ? ರಿವರ್‌ಸೈಡ್‌ನಲ್ಲಿ ಗೊತ್ತಿರೋ ಲಾಯರ್ ಇದಾರೆ. ಅರ್ಜಿ ಹಾಕಿ ನಿನ್ನ ಹೆಸರು ತೆಗೆಸ್ತಾರಂತೆ. ಫೋನ್ ಮಾಡ್ಲಾ?”

“ಅವಳ ಹೆಸರೂ ತೆಗೆಸ್ತಾರಾ?”

“ಅದ್ಹೆಂಗಾಗುತ್ತೆ ಕಣೇ? ದಾಖಲೆ ಪ್ರಕಾರ ಅವಳು ಕಳ್ಳಿ.”

“ಹಂಗಾದ್ರೆ ಬೇಡ ರೀ. ಅವಳನ್ನ ಯಾರಾದ್ರೂ ಹುಡುಕಿದ್ರೆ ನಾನೂ ಸಿಗ್ಬೇಕು. ಫೋನ್ ಕೆಳಗಿಡಿ.”